ಹಗ್ಗದ ಕೊನೆಯ ಗಂಟು

ಬೀಗ ತಂದವಳು ಸೊಸೆ. ಸರಿ ಎಂದವನು ಮಗ. ದಿನಾ ಅದನ್ನು ಹಾಕಬೇಕಾಗಿ ಬಂದದ್ದು ಮಾತ್ರ ಮೊಮ್ಮಗಳಿಗೆ, ಯಾಕೆಂದರೆ ಬೆಳಿಗ್ಗೆ ಮನೆಯಿಂದ ಕೊನೆಗೆ ಹೊರಡುವವಳು ಅವಳೇ. ಹಾಗಂತ ಮಗ ಸೊಸೆಯನ್ನು ಕಲ್ಲೆದೆಯವರು ಅಂದುಕೊಂಡರೆ ತಪ್ಪಾಗುತ್ತದೆ. ಆ ಮನೆಯಲ್ಲಿ ಒಂದು ವಾರ ಇದ್ದು ನೋಡಿದ್ದರೆ ಬೀಗ ತರಲು ನೀವೇ ಅಂಗಡಿಗೆ ಹೋಗುತ್ತಿದ್ದಿರಿ.

ಅಜ್ಜಿಗೆ ಮರೆವು. ಊಟ ಮಾಡಿ ಕೈ ತೊಳೆದು ಬಂದು, "ಇವತ್ತು ಊಟ ಹಾಕಲ್ವಾ?" ಅಂತ ಕೇಳುವಂಥ ಮರೆವು. ಅದನ್ನಾದರೂ ಸಹಿಸಬಹುದು, ಇನ್ನೊಂದು ತುತ್ತು ಹಾಕಿದರಾಯಿತು. ಆದರೆ ತಲೆ ಮರೆತದ್ದನ್ನು ಕಾಲು ಮರೆತಿರಲಿಲ್ಲ. ಜೀವಮಾನವೆಲ್ಲ ತಳ್ಳುಗಾಡಿಯಲ್ಲಿ ಸೊಪ್ಪು ತರಕಾರಿ ಇಟ್ಟುಕೊಂಡು ಬೀದಿ ಬೀದಿ ಸುತ್ತಿದ ಹೆಂಗಸು ಅವಳು. ಗಂಡ ಸತ್ತ ಮೇಲೆ ಮಗಳನ್ನೂ ಮಗನನ್ನೂ ಆ ಗಾಡಿಯಿಂದಲೇ ಸಾಕಿದವಳು. ಗಾಡಿ ಮಾರಿ ಎಷ್ಟೋ ಕಾಲವಾಗಿತ್ತು. ಆದರೂ ಬೆಳಗಾದರೆ ಚಪ್ಪಲಿ ಹುಡುಕುತ್ತಿದ್ದಳು, ಬಾಗಿಲು ಓರೆಯಾಗಿದ್ದರೆ ಹೊರಟೇಬಿಡುತ್ತಿದ್ದಳು. ಒಮ್ಮೆ ಬಸ್ ಡಿಪೋದ ಹಿಂದೆ ಸಿಕ್ಕಿದಳು. ಇನ್ನೊಮ್ಮೆ ಯಾರದೋ ಮನೆಯ ಮೆಟ್ಟಿಲ ಮೇಲೆ ಆರಾಮಾಗಿ ಕೂತು ಅವರ ಬೀನ್ಸಿನ ನಾರು ಬಿಡಿಸಿಕೊಡುತ್ತಿದ್ದಳು. ಆ ಮನೆಯವರು ಕೆಲಸಕ್ಕೆ ಹೊಸಬಳು ಬಂದಿದ್ದಾಳೆಂದುಕೊಂಡು ಚಹಾ ಬೇರೆ ಕೊಟ್ಟಿದ್ದರು!

ಇಷ್ಟು ದಿನ ಕಾವಲು ಮೊಮ್ಮಗಳದು. ಚಿಕ್ಕ ಮಕ್ಕಳ ಟೀಚರ್ ಆಗಲು ಅವಳು ಓದುತ್ತಿದ್ದಳು. ಕಾಲೇಜು ಮಧ್ಯಾಹ್ನ, ಬೆಳಗೆಲ್ಲ ಅಜ್ಜಿಯ ಜೊತೆ. ಈಗ ಅವಳಿಗೆ ಒಂದು ಶಾಲೆಯಲ್ಲಿ ಪಾಠ ಮಾಡುವ ಅಭ್ಯಾಸ ಶುರುವಾಗಿತ್ತು, ನಾಲ್ಕೈದು ವರ್ಷದ ಮಕ್ಕಳಿಗೆ, ಬೆಳಗಿನ ಹೊತ್ತು. ಮಗ ಸಿಟಿ ಬಸ್ಸಿನ ಡ್ರೈವರ್, ಕತ್ತಲಿರುವಾಗಲೇ ಡ್ಯೂಟಿಗೆ ಹೋಗುವವನು. ಸೊಸೆ ಟೈಲರ್ ಅಂಗಡಿಯಲ್ಲಿ ಹೊಲಿಯುವವಳು, ಮಧ್ಯಾಹ್ನ ಊಟಕ್ಕೆ ಬರುವವಳು. ನಡುವಿನ ಹೊತ್ತಿಗೆ ಅಜ್ಜಿಗೆ ಯಾರೂ ಇಲ್ಲ.

"ಯಾರನ್ನಾದ್ರೂ ಇಟ್ಕೊಳ್ಳೋಣ," ಎಂದ ಮಗ, ತಟ್ಟೆಯಿಂದ ತಲೆಯೆತ್ತದೆ.

"ಇಟ್ಕೊಳ್ಳಿ. ನನ್ನ ಸಂಬಳ ಅವಳ ಕೈಗೆ ಕೊಟ್ಬಿಟ್ಟು ನಾನು ಅಂಗಡೀಲಿ ಪುಕ್ಕಟೆ ಹೊಲೀತೀನಿ," ಎಂದಳು ಸೊಸೆ.

"ಹಾಗಾದ್ರೆ ಪುಟ್ಟಿನೇ ಒಂದು ವರ್ಷ ಓದು ನಿಲ್ಲಿಸಲಿ."

"ಎಷ್ಟು ಸಲೀಸಾಗಿ ಹೇಳ್ಬಿಟ್ರಿ! ನನ್ನ ಓದೂ ಹೀಗೇ ಒಂದು ವರ್ಷ ಅಂತ ನಿಂತಿದ್ದು. ಇವತ್ತಿಗೂ ಅಂಗಿಗೆ ಕಾಜಾ ಹಾಕ್ತಾ ಕೂತಿದೀನಿ. ಅವಳ ಓದಿನ ತಂಟೆಗೆ ಮಾತ್ರ ಬರಬೇಡಿ."

"ಮತ್ತೆ ನೀನೇ ಹೇಳು, ಏನು ಮಾಡೋದು?"

ಸೊಸೆ ಎದ್ದುಹೋಗಿ ಚೀಲದಿಂದ ಬೀಗ ತಂದು ತಟ್ಟೆಗಳ ನಡುವೆ ಇಟ್ಟಳು.

"ಅಮ್ಮಾ! ಅಜ್ಜಿ ಏನು ಕಳ್ಳಿನಾ?" ಎಂದಳು ಮೊಮ್ಮಗಳು.

"ಬಾಯ್ಮುಚ್ಚು. ನಾಳೆ ಯಾವುದಾದ್ರೂ ಲಾರಿಗೆ ಸಿಕ್ಕಿದ್ರೆ ಆಗ ಮಾತಾಡು."

ಅಜ್ಜಿ ಬೀಗವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಒಳ್ಳೇ ಗಟ್ಟಿ ಬೀಗ. ಯಾರ ಮನೇದು?" ಎಂದಳು. ಸೊಸೆ ಅವಳ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಮರುದಿನದಿಂದ ಬೀಗ. ಮೊಮ್ಮಗಳು ಬೀದಿಯ ತಿರುವು ದಾಟುವವರೆಗೂ ಒಳಗಿನ ಕೂಗು ಕೇಳುತ್ತಿತ್ತು. "ಪುಟ್ಟೀ, ಬಾಗಿಲು ತೆಗಿಯೇ! ಬಿಸಿಲೇರಿದ್ರೆ ಸೊಪ್ಪು ಬಾಡುತ್ತೆ ಕಣೇ!" ಅವಳು ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಮೇಲಿನ ಮನೆಯವರು, "ದಿನಾ ಬಾಗಿಲು ಬಡಿತಾರಲ್ಲ, ನಮ್ಮನೇಲಿ ಮಗು ಮಲಗಬೇಕೋ ಬೇಡ್ವೋ?" ಎಂದು ದೂರು ತಂದರು. ಮಧ್ಯಾಹ್ನ ಸೊಸೆ ಬಂದು ಬಾಗಿಲು ತೆಗೆದರೆ ಅಜ್ಜಿ ಹೊಸ್ತಿಲಲ್ಲೇ ಕೂತಿರುತ್ತಿದ್ದಳು, ಎಷ್ಟೋ ದಿನ ಬಟ್ಟೆ ಒದ್ದೆಯಾಗಿರುತ್ತಿತ್ತು. ಸೊಸೆ ತುಟಿಪಿಟಕ್ಕೆನ್ನದೆ ನೆಲ ಒರೆಸಿ, ಬಟ್ಟೆ ಬದಲಾಯಿಸಿ, ಉಣ್ಣಿಸಿ, ತಾನು ನಿಂತೇ ನಾಲ್ಕು ತುತ್ತು ತಿಂದು ಮತ್ತೆ ಅಂಗಡಿಗೆ ಓಡುತ್ತಿದ್ದಳು. ಇದನ್ನೂ ಹೇಳಬೇಕಲ್ಲ.

ಒಂದು ಸಂಜೆ ಮೊಮ್ಮಗಳು ಅಜ್ಜಿಗೆ ಚಹಾ ಲೋಟ ಕೊಟ್ಟರೆ ಅವಳು ಹಿಡಿಯಲಾರದೆ ಚೆಲ್ಲಿದಳು. ನೋಡಿದರೆ ಎರಡೂ ಅಂಗೈ ಊದಿಕೊಂಡಿದ್ದವು.

"ಏನಾಯ್ತಜ್ಜೀ?"

"ಏನೋ ಗೊತ್ತಿಲ್ಲಮ್ಮ. ಕೆಲಸ ಜಾಸ್ತಿ ಆಯ್ತೇನೋ."

ಮೊಮ್ಮಗಳು ಊದಿದ ಕೈಗೆ ಬಿಸಿನೀರಿನ ಬಟ್ಟೆ ಇಡುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಭಾನುವಾರ ಅಜ್ಜಿಯ ಮಗಳು ಬಂದಳು. ಬಂದವಳೇ ಚಿಲಕದಲ್ಲಿ ತೂಗುತ್ತಿದ್ದ ಬೀಗ ಕಂಡು ಉರಿದುಬಿದ್ದಳು. "ನಮ್ಮಮ್ಮನ್ನ ನಾಯಿ ಹಾಗೆ ಕೂಡಿಹಾಕ್ತೀರಾ? ನಿಮಗೆ ಮನುಷ್ಯತ್ವ ಅನ್ನೋದು ಏನಾದ್ರೂ ಇದೆಯಾ?"

"ಕರ್ಕೊಂಡು ಹೋಗಿ ಅಕ್ಕಾ," ಎಂದಳು ಸೊಸೆ, ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ. "ಬಟ್ಟೆ ಈಗಲೇ ತುಂಬಿಕೊಡ್ಲಾ?"

"ನಂದು ಮೂರನೇ ಮಹಡಿ. ಅಮ್ಮನ ಮೊಣಕಾಲಿಗೆ ಆ ಮೆಟ್ಟಿಲು ಆಗುತ್ತಾ?"

"ಇಳಿಯೋಕೆ ಆಗದೇ ಇದ್ರೆ ಇನ್ನೂ ಒಳ್ಳೇದಲ್ವಾ, ಬೀಗದ ಖರ್ಚು ಉಳೀತು."

ಮಗ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ. ಮಗಳು ಹೊಟ್ಟೆ ತುಂಬ ಊಟ ಮಾಡಿ, ಅಮ್ಮನ ತಲೆ ಬಾಚಿ, ಗಳಗಳನೆ ಅತ್ತು, ಸಂಜೆಯ ಬಸ್ಸಿಗೆ ಹೊರಟುಹೋದಳು. ಹೋಗುವಾಗ, "ಕೈಗೆ ಮುಲಾಮು ಹಚ್ಚಿ," ಎಂದು ಹೇಳುವುದನ್ನು ಮರೆಯಲಿಲ್ಲ.

ಶಾಲೆಯ ಮಕ್ಕಳಿಗೆ ಬಯಲಿನಲ್ಲಿ ಪಾಠ ಮಾಡುವ ಯೋಚನೆ ಮೊಮ್ಮಗಳದೇ. ತರಗತಿಯ ಟೀಚರನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಿದ್ದರು. "ಗೋಡೆ ಮೇಲಿನ ಎಲೆ ಚಿತ್ರ ತೋರಿಸಿ ಎಲೆ ಅಂತ ಹೇಳಿಕೊಡೋದು ಯಾಕೆ ಮಿಸ್? ಪಾರ್ಕಲ್ಲಿ ಎಲೇನೇ ಇದೆಯಲ್ಲ," ಎಂದು ಮೊಮ್ಮಗಳು ಅವರ ಬೆನ್ನುಬಿದ್ದಿದ್ದಳು.

"ಹೋಗಿಬನ್ನಿ. ಆಯಾ ಜೊತೆಗೆ ಬರ್ತಾಳೆ. ಹಗ್ಗ ಮಾತ್ರ ಮರೀಬೇಡಿ," ಎಂದಿದ್ದರು ದೊಡ್ಡ ಮಿಸ್.

ಹಗ್ಗ ಅಂದರೆ ಆ ಶಾಲೆಯ ಪದ್ಧತಿ. ಉದ್ದನೆಯ ಹಗ್ಗದಲ್ಲಿ ಮೊಳಕ್ಕೊಂದರಂತೆ ಗಂಟು ಹಾಕಿದ್ದರು, ತರಗತಿಯಲ್ಲಿ ಎಷ್ಟು ಮಕ್ಕಳೋ ಅಷ್ಟೇ ಗಂಟು. ಹೊರಗೆ ಹೊರಟರೆ ಪ್ರತಿ ಮಗುವೂ ಒಂದೊಂದು ಗಂಟು ಹಿಡಿದು ನಡೆಯಬೇಕು. ಪಾದರಸದಂಥ ಮಕ್ಕಳ ತಲೆ ಎಣಿಸುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಗಂಟು ನೋಡುವುದು. ಯಾವ ಗಂಟೂ ಖಾಲಿ ಇಲ್ಲವೋ, ಹೊರಡಬಹುದು.

ಆ ಬೆಳಿಗ್ಗೆ ಮೊಮ್ಮಗಳು ಬೀಗ ಕೈಗೆತ್ತಿಕೊಂಡಾಗ ಅಜ್ಜಿ ಕೂಗಾಡಲಿಲ್ಲ. ಗೋಡೆಗೆ ಒರಗಿ ಕೂತು, ಊದಿದ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು, "ಹಾಕಮ್ಮ. ಗಲಾಟೆ ಮಾಡಲ್ಲ ನಾನು," ಎಂದಳು.

ಬೈದಿದ್ದರೆ, ಶಾಪ ಹಾಕಿದ್ದರೆ ಬೀಗ ಹಾಕಬಹುದಿತ್ತು. ಈ ಮಾತು ಕೇಳಿದ ಮೇಲೆ ಮೊಮ್ಮಗಳ ಕೈ ಏಳಲಿಲ್ಲ. "ಚಪ್ಪಲಿ ಹಾಕ್ಕೋ ಅಜ್ಜಿ," ಎಂದಳು.

ದೊಡ್ಡ ಮಿಸ್ ಮೀಟಿಂಗಿನಲ್ಲಿದ್ದರು. ಗೇಟಿನ ಹತ್ತಿರ ಆಯಾ, "ಇದ್ಯಾರು ಮಿಸ್, ಹೊಸ ಅಡ್ಮಿಷನ್ನಾ?" ಎಂದು ನಕ್ಕಳು.

"ನಮ್ಮಜ್ಜಿ. ಬೆಂಚಿನ ಮೇಲೆ ಕೂತಿರ್ತಾರೆ, ಪಾಪ. ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳಲಿ? ಹೊರಗಡೆ ಗಾಳಿ ಕುಡೀಲಿ."

ಮಕ್ಕಳು ಹಗ್ಗ ಹಿಡಿದು ನಡೆದರು, ಅಜ್ಜಿ ಮೊಮ್ಮಗಳ ಕೈ ಹಿಡಿದು ನಡೆದಳು. ಪಾರ್ಕು ಹತ್ತಿರವೇ, ಎರಡು ಬೀದಿ ದಾಟಿದರೆ. ಅಲ್ಲಿ ಮಕ್ಕಳು ಮರದ ತೊಗಟೆಗೆ ಕೆನ್ನೆ ಒತ್ತಿ ನೋಡಿದರು. ಇರುವೆಯ ಹಿಂದೆ ಮಂಡಿಯೂರಿ ಹೋದರು. ನುಣುಪು ಎಲೆ, ಒರಟು ಎಲೆ, ವಾಸನೆಯ ಎಲೆ ಎಂದು ಮೂರು ಗುಡ್ಡೆ ಮಾಡಿದರು. ಬೆಂಚಿನ ಮೇಲಿದ್ದ ಅಜ್ಜಿ ಯಾವಾಗ ಇಳಿದುಬಂದಳೋ, ಗುಡ್ಡೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಳು.

"ಸೊಪ್ಪೋ ಸೊಪ್ಪು! ಈಗ ಕಿತ್ತಿದ್ದು, ಇನ್ನೂ ಬಾಡಿಲ್ಲ, ಬನ್ರಮ್ಮಾ!"

ಮಕ್ಕಳು ಮುಗಿಬಿದ್ದರು. ಕಲ್ಲು ಕೊಟ್ಟು ಎಲೆ ಕೊಂಡರು. ಒಬ್ಬ ಚೌಕಾಸಿ ಬೇರೆ ಮಾಡಿದ. "ನಿಮ್ಮಮ್ಮ ಹೀಗೇ ಕೊಸರಾಡ್ತಾಳಾ?" ಎಂದು ಅಜ್ಜಿ ಅವನ ಕಿವಿ ಹಿಂಡಿದಳು. ತರಗತಿಯಲ್ಲಿ ಒಂದು ದಿನವೂ ಬಾಯಿಬಿಡದ ಹುಡುಗಿಯೊಬ್ಬಳಿದ್ದಳು. ತೀರಾ ಸಣ್ಣ ಮೈಯವಳು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಬಂದು, "ನಂಗೆ ವಾಸನೆ ಸೊಪ್ಪು," ಎಂದಳು. ಮೊಮ್ಮಗಳು ಬೆರಗಾಗಿ ನಿಂತಳು. ಇದಕ್ಕಿಂತ ಒಳ್ಳೆಯ ಪಾಠ ತಾನು ಜನ್ಮದಲ್ಲಿ ಮಾಡಲಾರೆ ಅನ್ನಿಸಿತು. ಅಜ್ಜಿಯ ಮುಖದಲ್ಲಿ ಹಳೆಯ ಕಳೆ ಬಂದಿತ್ತು.

ಕೊನೆಗೆ ಕಿವಿಯ ಆಟ. ಎಲ್ಲರೂ ಒಂದೊಂದು ಕಡೆ ಕೂತು ಕಣ್ಣು ಮುಚ್ಚಬೇಕು. ಕೇಳಿಸಿದ ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಿಸಬೇಕು. "ನಾನು ಬಂದು ತಲೆ ಮುಟ್ಟಿದ ಮೇಲೇನೇ ಕಣ್ಣು ಬಿಡೋದು, ಆಮೇಲೆ ಹಗ್ಗಕ್ಕೆ ಬರೋದು. ಅಲ್ಲೀವರೆಗೂ ಯಾರೂ ಅಲ್ಲಾಡೋ ಹಾಗಿಲ್ಲ," ಎಂದಳು ಮೊಮ್ಮಗಳು.

ಅವಳು ಒಂದಿಷ್ಟು ತಲೆ ಮುಟ್ಟಿದ್ದಳಷ್ಟೆ, ಅಜ್ಜಿ ಮತ್ತೆ "ಸೊಪ್ಪೋ!" ಎಂದಳು. ಮಕ್ಕಳೆಲ್ಲ ಘೊಳ್ಳೆಂದು ನಕ್ಕು ಎದ್ದು ಹಗ್ಗಕ್ಕೆ ಓಡಿದರು. ಮೊಮ್ಮಗಳೂ ನಕ್ಕಳು. "ಸೊಪ್ಪಜ್ಜಿ, ನೀವೂ ಹಿಡ್ಕೊಳಿ," ಎಂದು ಮಕ್ಕಳು ಅವಳನ್ನು ಎಳೆದು ಕೊನೆಯ ಗಂಟು ಕೈಗೆ ಕೊಟ್ಟರು.

"ಎಲ್ಲ ಗಂಟೂ ತುಂಬಿದೆ ಮಿಸ್," ಎಂದಳು ಆಯಾ ಮುಂದಿನಿಂದ.

ಮೊಮ್ಮಗಳು ನೋಡಿದಳು. ಖಾಲಿ ಗಂಟು ಇರಲಿಲ್ಲ. ಅವಳ ಕಣ್ಣು ಗಂಟು ನೋಡಿತು, ಮುಖ ನೋಡಲಿಲ್ಲ. ಆ ಕ್ಷಣ ಅವಳಿಗೆ ಅಷ್ಟು ಸಂತೋಷವಾಗಿತ್ತು. ಹೊರಟರು.

ಶಾಲೆಯಲ್ಲಿ ಮಕ್ಕಳು ತಮ್ಮ ತಮ್ಮ ಚೀಲ ಎತ್ತಿಕೊಂಡಾಗ ಒಂದು ಚೀಲ ಉಳಿಯಿತು. ಗುಬ್ಬಿಯದು. ಮೊಮ್ಮಗಳು ತಿರುಗಿ ನೋಡಿದಳು. ಅಜ್ಜಿ ಇನ್ನೂ ಹಗ್ಗದ ತುದಿ ಹಿಡಿದೇ ನಿಂತಿದ್ದಳು. ಅದನ್ನು ನೋಡಿದ ಮೇಲೆ ಏನಾಗಿದೆಯೆಂದು ಯಾರೂ ಹೇಳಬೇಕಾಗಲಿಲ್ಲ.

ಮೊಮ್ಮಗಳು ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ದಾರಿಯಲ್ಲಿ ಒಂದು ವ್ಯಾನಿನವನು ಗಕ್ಕನೆ ಬ್ರೇಕು ಹಾಕಿ ಬೈದ. ಪಾರ್ಕಿನಲ್ಲಿ ಯಾರೂ ಕಾಣಲಿಲ್ಲ. ಕೂಗಿದಳು, ಉತ್ತರವಿಲ್ಲ. ದೊಡ್ಡ ಮರವನ್ನು ಸುತ್ತಿ ಆಚೆ ಹೋದರೆ, ಬೇರಿನ ಸಂದಿಯಲ್ಲಿ ಗುಬ್ಬಿ ಕೂತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಕೆನ್ನೆಯ ಮೇಲೆಲ್ಲ ನೀರು, ಫ್ರಾಕು ಒದ್ದೆ. ಎರಡೂ ಕೈಯ ಬೆರಳು ಮಡಿಸಿ ಮುಗಿದು ಮುಷ್ಟಿಯಾಗಿದ್ದವು.

"ಗುಬ್ಬೀ, ಕೂಗಿದ್ರೆ ಓ ಅನ್ನಬಾರದಾ ಬಂಗಾರ?"

"ಮಿಸ್ ಇನ್ನೂ ತಲೆ ಮುಟ್ಟಿಲ್ಲ," ಎಂದಿತು ಮಗು.

ಮೊಮ್ಮಗಳು ಅದರ ತಲೆ ಮುಟ್ಟಿದಳು. ಆಗ ಅದು ಕಣ್ಣು ಬಿಟ್ಟಿತು. ಅಷ್ಟರಲ್ಲಿ ಶಾಲೆಯಿಂದ ಫೋನು ಹೋಗಿ ಮಗುವಿನ ಅಪ್ಪ ಪಾರ್ಕಿಗೇ ಬಂದಿದ್ದ. ಗ್ಯಾರೇಜಿನ ಮೆಕ್ಯಾನಿಕ್, ಕೈತುಂಬ ಎಣ್ಣೆ. ಅದೇ ಕೈಯಲ್ಲಿ ಮಗುವನ್ನು ಬಾಚಿಕೊಂಡು, "ನೀವೆಲ್ಲ ಟೀಚರಾ? ಥೂ!" ಎಂದು ಹೋದ.

ಸಂಜೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ಅಜ್ಜಿಗೊಬ್ಬಳಿಗೆ ಬಿಟ್ಟು. ದೊಡ್ಡ ಮಿಸ್ ಕಾಲೇಜಿಗೆ ತಿಳಿಸಿದ್ದರು. ಮಗುವಿನ ಅಪ್ಪ ದೂರು ಕೊಟ್ಟರೆ ಮೊಮ್ಮಗಳ ಓದು ಅಲ್ಲಿಗೆ ಮುಗಿದ ಹಾಗೆ. ನಾಳೆ ದೊಡ್ಡ ಮಿಸ್ಸೂ ಅವನೂ ಮನೆಗೇ ಬಂದು ವಿಚಾರಿಸುತ್ತಾರಂತೆ.

"ಕರ್ಕೊಂಡು ಹೋಗು ಅಂತ ನಿನಗೆ ಯಾರು ಹೇಳಿದ್ರು? ತಲೆ ಕೆಟ್ಟಿತ್ತಾ?" ಎಂದ ಮಗ.

"ಅಜ್ಜಿ ಕೈ ನೋಡಿದೀರಾ ಅಪ್ಪ? ಒಂದು ದಿನ ನೀವು ನೋಡಿದೀರಾ?"

"ಇಬ್ಬರೂ ಸಾಕು ಮಾಡಿ," ಎಂದಳು ಸೊಸೆ. ಅವಳು ಆಗಿಂದ ಸುಮ್ಮನೆ ಕೂತಿದ್ದಳು, ಸುಮ್ಮನೆ ಕೂತಳೆಂದರೆ ಏನೋ ನಿರ್ಧಾರ ಮಾಡುತ್ತಿದ್ದಾಳೆಂದೇ. "ಪುಟ್ಟಿ, ನೀನು ಕರ್ಕೊಂಡು ಹೋಗಲಿಲ್ಲ. ಬೀಗ ಸರಿಯಾಗಿ ಬಿದ್ದಿರಲಿಲ್ಲ. ಅವರೇ ಹಿಂದೆ ಬಂದ್ರು, ನಿನಗೆ ಗೊತ್ತೇ ಇರಲಿಲ್ಲ. ಆ ಮಗು ಕೈ ಬಿಡಿಸಿ ತಾವು ಹಗ್ಗ ಹಿಡ್ಕೊಂಡ್ರು."

"ಅಮ್ಮಾ, ಅದು ಸುಳ್ಳು!"

"ಸುಳ್ಳೇ. ಅವರಿಗೆ ನಾಳೆ ಏನೂ ನೆನಪಿರಲ್ಲ. ನಿನಗೆ ಜೀವನ ಪೂರ್ತಿ ನೆನಪಿರುತ್ತೆ, ನನಗಿರೋ ಹಾಗೆ. ಯಾರ ಮೇಲೆ ಹಾಕೋದು ಸುಲಭ, ನೀನೇ ಹೇಳು."

ಆಯಾಳ ಫೋನೂ ಬಂತು. "ಮಿಸ್, ಅಜ್ಜಿ ತಾನಾಗೇ ಬಂದ್ರು ಅಂತ ಹೇಳಿಬಿಡಿ. ನನ್ನ ಕೆಲಸಾನೂ ಹೋಗುತ್ತೆ." ಮೊಮ್ಮಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಮರುದಿನ ದೊಡ್ಡ ಮಿಸ್ ಮತ್ತು ಮೆಕ್ಯಾನಿಕ್ ಬಂದರು. ಇರುವ ಎರಡೂ ಕುರ್ಚಿ ಅವರಿಗೆ ಕೊಟ್ಟು ಮನೆಯವರು ನಿಂತರು. ಅಜ್ಜಿ ಮೂಲೆಯ ಮಂಚದ ಮೇಲೆ ಕೂತು ಬಂದವರನ್ನು ನೋಡಿ ನಗುತ್ತಿದ್ದಳು. ಸೊಸೆ ಎಲ್ಲವನ್ನೂ ಒಪ್ಪವಾಗಿ ಹೇಳಿದಳು, ಒಂದು ಕಡೆಯೂ ತಡವರಿಸಲಿಲ್ಲ.

ಅಜ್ಜಿಯ ನಗು ನಿಂತಿತು. "ಯಾರು? ನಾನಾ?"

"ಹೂಂ ಅತ್ತೆ. ನೀವೇ."

"ಮಗು ಕೈ ಬಿಡಿಸಿದ್ನಾ?"

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಹೂಂ ಅತ್ತೆ," ಎಂದಳು.

ಅಜ್ಜಿ ಮೊಮ್ಮಗಳ ಕಡೆ ನೋಡಿದಳು. ಮೊಮ್ಮಗಳು ನೆಲ ನೋಡಿದಳು.

ಮೆಕ್ಯಾನಿಕ್ ಎದ್ದುನಿಂತ. ಜಗಳಕ್ಕೆಂದು ಬಂದವನಿಗೆ ಜಗಳವಾಡಲು ಯಾರೂ ಸಿಗಲಿಲ್ಲ. "ವಯಸ್ಸಾದವರು, ಇವರಿಗೆ ಏನು ಅನ್ನೋದು? ಮಗು ಸಿಕ್ತಲ್ಲ, ಬಿಡಿ," ಎಂದ. ದೂರು ಅಲ್ಲಿಗೇ ಮುಗಿಯಿತು. ಮರುವಾರದಿಂದ ಮೊಮ್ಮಗಳು ಮತ್ತೆ ಶಾಲೆಗೆ ಹೋದಳು.

ಅಜ್ಜಿಗೆ ನೆನಪಿರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಯಾಕೆ ನಂಬಬಾರದು? ಮಧ್ಯಾಹ್ನದ ಊಟ ಸಂಜೆಗೆ ಮರೆಯುವವಳು, ಒಬ್ಬಳೇ ಮಗಳ ಹೆಸರು ಮರೆತವಳು. ಆದರೆ ಇದೊಂದನ್ನು ಮರೆಯಲಿಲ್ಲ. ಅವರು ಬಂದುಹೋದ ಮರುದಿನ ಬೆಳಿಗ್ಗೆಯೇ ತಟ್ಟೆಯ ಒಂದು ಬದಿಗೆ ಅನ್ನ ಸರಿಸಿಟ್ಟಳು.

"ತಿನ್ನಿ ಅತ್ತೆ, ಇದ್ಯಾಕೆ ಬಿಟ್ರಿ?"

"ಮಗೂಗೆ. ನಾನು ಕಳೆದುಹಾಕಿದೆನಲ್ಲ, ಅದಕ್ಕೆ. ಎಲ್ಲಿದೆಯೋ, ಹಸಿದಿರುತ್ತೆ."

"ಮಗು ಸಿಕ್ತು ಅತ್ತೆ. ಆವತ್ತೇ ಸಿಕ್ತು."

"ಹೌದಾ?" ಎಂದು ಸಮಾಧಾನಪಟ್ಟಳು. ಮಧ್ಯಾಹ್ನ ಮತ್ತೆ ಅನ್ನ ಸರಿಸಿಟ್ಟಳು. ರಾತ್ರಿಯೂ ಅಷ್ಟೇ. ಕೆಲವು ದಿನಗಳಲ್ಲಿ ಆ ಪಾಲು ತಟ್ಟೆಯ ಅರ್ಧವಾಯಿತು, ಆಮೇಲೆ ತನಗೆಂದು ಉಳಿಯುತ್ತಿದ್ದುದೇ ನಾಲ್ಕು ತುತ್ತು. ಬಾಗಿಲ ಹಿಂದೆ ನೋಡುವಳು, ಮಂಚದ ಕೆಳಗೆ ಬಗ್ಗಿ ನೋಡುವಳು. ಬಾಗಿಲು ತೆರೆದೇ ಇದ್ದರೂ ಹೊರಗೆ ಕಾಲಿಡಳು. "ನಾನು ಹೊರಗೆ ಹೋದ್ರೆ ಯಾರದಾದ್ರೂ ಮಗು ಕಳೆದುಹೋಗುತ್ತೆ. ಬೇಡಮ್ಮ," ಎನ್ನುವಳು. ಚಪ್ಪಲಿ ಕೇಳುವುದನ್ನೇ ಬಿಟ್ಟಳು.

ಮುಂದಿನ ಭಾನುವಾರ ಬಂದ ಮಗಳು ಮೂಗಿನ ಮೇಲೆ ಬೆರಳಿಟ್ಟಳು. "ಅಮ್ಮ ಎಷ್ಟು ಸುಮ್ಮನಾಗಿದಾಳೆ! ಡಾಕ್ಟರ್ ಬದಲಾಯಿಸಿದ್ರಾ?"

ಸೊಸೆ ಎದ್ದು ಹಿತ್ತಲಿಗೆ ಹೋದಳು. ಒಗೆಯಲು ಅಲ್ಲಿ ಒಂದು ಬಟ್ಟೆಯೂ ಇರಲಿಲ್ಲ. ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಳು.

ಮೊಮ್ಮಗಳು ತಡೆಯಲಾರದೆ ಒಂದು ಸಂಜೆ ಗ್ಯಾರೇಜಿಗೆ ಹೋಗಿ ಕೇಳಿಕೊಂಡಳು. ಮೆಕ್ಯಾನಿಕ್ ಒಳ್ಳೆಯವನು, ಕೆಲಸ ಮುಗಿಸಿ ಗುಬ್ಬಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದ.

"ಸೊಪ್ಪಜ್ಜಿ!" ಎಂದು ಗುಬ್ಬಿ ಓಡಿಹೋಗಿ ಮಂಚ ಹತ್ತಿತು.

"ಅಜ್ಜಿ, ನೋಡು, ಇದೇ ಮಗು. ನೋಡು, ಚೆನ್ನಾಗಿದೆ," ಎಂದಳು ಮೊಮ್ಮಗಳು.

ಅಜ್ಜಿ ಮಗುವಿನ ಗಲ್ಲ ಹಿಡಿದು ತುಂಬ ಹೊತ್ತು ನೋಡಿದಳು. ತಲೆ ಸವರಿದಳು. ಆಮೇಲೆ ಮೆಕ್ಯಾನಿಕ್‌ಗೆ, "ಇದಲ್ಲಪ್ಪ. ಇದು ನಿನ್ನ ಮಗು. ಕೈ ಗಟ್ಟಿಯಾಗಿ ಹಿಡ್ಕೋ. ನನ್ನ ಹತ್ರ ಮಾತ್ರ ಬಿಡಬೇಡ," ಎಂದಳು.

ಅವನು ಮಗುವನ್ನು ಎತ್ತಿಕೊಂಡ.

ಅಭ್ಯಾಸದ ಅವಧಿ ಮುಗಿಯುವ ಮೊದಲು ಕಾಲೇಜಿನಲ್ಲಿ ಒಂದು ಕ್ರಮವಿತ್ತು. ಟೀಚರ್ ಆಗಲಿರುವವರೆಲ್ಲ ದುಂಡಗೆ ಕೂತು, ತಾವು ಹೊರಗೆ ಮಾಡಿದ ಪಾಠದ ಬಗ್ಗೆ ಒಬ್ಬೊಬ್ಬರಾಗಿ ಹೇಳಬೇಕು. ಏನು ಮಾಡಿದೆ, ಮಕ್ಕಳು ಏನು ಕಲಿತರು, ತಾನೇನು ಕಲಿತೆ. ಒಬ್ಬಳು ಮಣ್ಣಿನ ಬಗ್ಗೆ ಹೇಳಿದಳು, ಇನ್ನೊಬ್ಬ ನೆರಳಿನ ಬಗ್ಗೆ. ಎಲ್ಲರೂ ಚೆನ್ನಾಗಿಯೇ ಹೇಳಿದರು. ಮೊಮ್ಮಗಳ ಸರದಿ ಬಂದಾಗ ಕಾಲೇಜಿನ ಮೇಡಂ ಕಣ್ಣಿನಲ್ಲೇ ಧೈರ್ಯ ಹೇಳಿದರು. ನಡೆದದ್ದು ಅವರಿಗೆ ಗೊತ್ತಿತ್ತು, ಅಂದರೆ ಸೊಸೆ ಹೇಳಿದ್ದು ಗೊತ್ತಿತ್ತು.

ಅವಳು ತೊಗಟೆ, ಇರುವೆ, ಎಲೆಯ ಗುಡ್ಡೆ ಎಲ್ಲ ಹೇಳಿದಳು. ಮಾತೇ ಆಡದ ಮಗು ವಾಸನೆ ಸೊಪ್ಪು ಕೇಳಿದ್ದನ್ನು ಹೇಳಿದಳು. ಎಲ್ಲರೂ ನಕ್ಕರು. ಅಲ್ಲಿಗೆ ನಿಲ್ಲಿಸಿ ಕೂತಿದ್ದರೆ ಚಪ್ಪಾಳೆ ಬೀಳುತ್ತಿತ್ತು.

"ಅಜ್ಜೀನ ಕರ್ಕೊಂಡು ಹೋಗಿದ್ದು ನಾನೇ ಮೇಡಂ," ಎಂದಳು. "ಅವರು ತಾವಾಗಿ ಬರಲಿಲ್ಲ. ಯಾವ ಮಗೂ ಕೈಯನ್ನೂ ಬಿಡಿಸಲಿಲ್ಲ. ಆ ಮಗು ಹಗ್ಗದ ಹತ್ರಕ್ಕೇ ಬಂದಿರಲಿಲ್ಲ, ನಾನು ತಲೆ ಮುಟ್ಟೋವರೆಗೂ ಅಲ್ಲಾಡಬೇಡಿ ಅಂದಿದ್ದೆ, ಮುಟ್ಟೋದು ಮರೆತೆ. ಆಯಾಗೆ ಏನೂ ಗೊತ್ತಿರಲಿಲ್ಲ, ಗೇಟಲ್ಲಿ ನಾನೇ ಸುಳ್ಳು ಹೇಳಿದ್ದೆ. ನಾನೇನು ಕಲಿತೆ ಅಂತ ಕೇಳಿದ್ರೆ... ನಾವು ಏನು ಹೇಳಿದ್ರೂ ನಂಬೋರು ಇರ್ತಾರೆ ಮೇಡಂ. ಆ ಮಗು ನಂಬ್ತು. ನಮ್ಮಜ್ಜೀನೂ ನಂಬಿದ್ರು."

ಆಯಾಳ ಕೆಲಸ ಉಳಿಯಲೆಂದು ಹೇಳಿದ ಆ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ನಿಜ. ದುಂಡಗೆ ಕೂತವರು ತಲೆತಗ್ಗಿಸಿದರು.

ಮೇಡಂ ಆಮೇಲೆ ಒಬ್ಬಳನ್ನೇ ಕರೆದು ಕೂರಿಸಿಕೊಂಡರು. "ಆವತ್ತೇ ಹೇಳಿದ್ದಿದ್ರೆ ಏನಾದ್ರೂ ಮಾಡಬಹುದಿತ್ತಲ್ಲಮ್ಮ. ಈಗ ನಾನು ತಿಳಿಸದೇ ಇರೋಕಾಗಲ್ಲ. ಈ ವರ್ಷದ್ದು ಮುಗೀತು ಅಂದ್ಕೋ. ಮುಂದೆ ತಗೋತಾರೋ ಇಲ್ವೋ, ಅದು ನನ್ನ ಕೈಲಿಲ್ಲ."

"ಗೊತ್ತು ಮೇಡಂ," ಎಂದಳು ಮೊಮ್ಮಗಳು. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಮನೆಗೆ ಹೋಗಿ ಅಜ್ಜಿಗೆ ಹೇಳಬೇಕು, ಹೇಳಿದರೆ ಅಜ್ಜಿ ಉಣ್ಣುತ್ತಾಳೆ. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಅದೊಂದೇ.

ಸೊಸೆ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಕೇಳಿ ಮುಗಿಸುವಷ್ಟರಲ್ಲಿ ಸೂಜಿ ಬೆರಳಿಗೆ ಚುಚ್ಚಿಕೊಂಡಿತ್ತು.

"ಎಲ್ಲರ ಮುಂದೆ ಹೇಳ್ದ್ಯಾ? ಮುಗಿದ ಕತೇನ ಯಾಕೆ ಕೆದಕಿದೆ?" ಅವಳು ಬೆರಳನ್ನು ಬಾಯಿಗಿಟ್ಟು ಚೀಪಿ ತೆಗೆದಳು. "ನಿನಗೋಸ್ಕರ ನನ್ನ ನಾಲಿಗೆ ಹೊಲಸು ಮಾಡ್ಕೊಂಡೆ ಕಣೇ. ಅವರ ಮುಖ ನೋಡ್ಕೊಂಡು ಹೇಳಿದೆ, ಹೂಂ ಅತ್ತೆ, ನೀವೇ ಅಂತ. ಈಗ ಅದೂ ದಂಡ ಆಯ್ತಾ?"

"ಅಮ್ಮ, ಅಜ್ಜಿ ಏನೂ ತಿಂತಿಲ್ಲ."

"ನನಗೆ ಕಾಣಲ್ವಾ? ತುತ್ತು ಕಲಸಿಕೊಡೋಳು ನಾನು!" ಎಂದವಳೇ ಸೊಸೆ ಅಂಗಿಯಲ್ಲಿ ಮುಖ ಮುಚ್ಚಿಕೊಂಡಳು. ಡ್ಯೂಟಿ ಮುಗಿಸಿ ಬಂದ ಮಗ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿ, ಷೂ ಬಿಚ್ಚುತ್ತಾ ಅಲ್ಲೇ ಕೂತುಬಿಟ್ಟ.

ಮೊಮ್ಮಗಳು ಮೊಟ್ಟೆ ಬೇಯಿಸಿ, ಅನ್ನಕ್ಕೆ ಕಲಸಿ, ತಟ್ಟೆ ಹಿಡಿದು ಅಜ್ಜಿಯ ಮುಂದೆ ಕೂತಳು.

"ಅಜ್ಜಿ, ಇಲ್ಲಿ ಕೇಳು. ಮಗು ಕಳೆದಿದ್ದು ನೀನಲ್ಲ. ನಾನು. ನಾನೇ ಮರೆತಿದ್ದು. ಇವತ್ತು ಕಾಲೇಜಲ್ಲಿ ಎಲ್ಲರಿಗೂ ಹೇಳಿಬಂದೆ."

ಅಜ್ಜಿ ಗಮನವಿಟ್ಟು ಕೇಳಿದಳು. ಎಷ್ಟೋ ವಾರಗಳಿಂದ ಅವಳ ಕಣ್ಣು ಅಷ್ಟು ತಿಳಿಯಾಗಿ ಇದ್ದದ್ದಿಲ್ಲ.

"ಹೇಳಿಬಂದ್ಯಾ? ಟೀಚರ್ ಕೆಲಸ?"

"ಹೋಯ್ತು. ಹೋದ್ರೆ ಹೋಗ್ಲಿ ಬಿಡು. ನೀನು ಊಟ ಮಾಡು."

ಅಜ್ಜಿ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಯ್ಯೋ ಹುಚ್ಚೀ! ನನ್ನ ಉಳಿಸೋಕೆ ನಿನ್ನ ಮೇಲೆ ಹಾಕ್ಕೊಂಡ್ಯಾ?"

"ಇಲ್ಲ ಅಜ್ಜಿ, ನಿಜವಾಗ್ಲೂ..."

"ನನಗೆ ಗೊತ್ತಿಲ್ವಾ? ನೀನು ಚಿಕ್ಕೋಳಿದ್ದಾಗಿಂದ್ಲೂ ಹೀಗೇ. ಇನ್ನೊಂದು ಸಲ ಹೀಗೆಲ್ಲ ಹೇಳ್ಬೇಡಮ್ಮ. ನಾನು ಮುದುಕಿ, ನನಗೆ ಯಾರೇನು ಅಂದ್ರೂ ನಡೆಯುತ್ತೆ. ನಿನ್ನ ಬಾಳಿಗೂ ಮಣ್ಣು ಹಾಕಿದೆನಲ್ಲ ನಾನು, ಆ ಮಗೂ ಸಾಲದು ಅಂತ."

ಮೊಮ್ಮಗಳು ತಟ್ಟೆ ಕೆಳಗಿಟ್ಟು, ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಜ್ಜಿ ಅವಳ ಬೆನ್ನು ತಟ್ಟುತ್ತಾ, "ಅಳಬೇಡ, ಅಳಬೇಡ. ಸಿಗುತ್ತೆ, ಎಲ್ಲಿ ಹೋಗುತ್ತೆ?" ಎನ್ನುತ್ತಿದ್ದಳು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನವನ್ನು ಎರಡು ಪಾಲು ಮಾಡಿದಳು. ಒಂದು ಮಗುವಿಗೆ, ಒಂದು ಮೊಮ್ಮಗಳಿಗೆ.